ಅಂದಾಜು ಅಂಕವಿಲ್ಲದೆ ಹೊರದೇಶದ ವಿಶ್ವವಿದ್ಯಾನಿಲಯಕ್ಕೆ ಅರ್ಜಿ

ತೋಟದ ಕೆಲಸ, ಗೊಬ್ಬರ, ಔಷಧಿ, ಮಾರುಕಟ್ಟೆಯ ಧಾರಣೆ ಇವುಗಳಿಗೆ ಮೀಸಲಾದ ನಮ್ಮ ಪತ್ರಿಕೆಯಲ್ಲಿ ಮಕ್ಕಳ ಓದಿನ ವಿಷಯವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಆದರೆ ಇಂದು ಮೂರು ನಾಲ್ಕು ಎಕರೆ ತೋಟವುಳ್ಳ ಮನೆಗಳ ಮಕ್ಕಳೂ ಪಿ.ಯು.ಸಿ. ಮುಗಿಸಿ ಹೊರದೇಶದಲ್ಲಿ ಓದುವ ಆಸೆ ಇಟ್ಟುಕೊಂಡಿದ್ದಾರೆ. ಆ ಓದಿನ ಖರ್ಚು ಕೊನೆಗೆ ಬಂದು ನಿಲ್ಲುವುದು ತೋಟದ ಮೇಲೆಯೇ. ಆದುದರಿಂದ ಇದು ತೋಟದ ವಿಷಯವೂ ಹೌದು.

ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಹೊರಟ ನಮ್ಮ ಮಕ್ಕಳಿಗೆ ಮೊದಲು ಎದುರಾಗುವ ತೊಡಕು 'ಪ್ರೆಡಿಕ್ಟೆಡ್ ಗ್ರೇಡ್' ಎಂಬುದು. ಕಾಲೇಜಿನಲ್ಲಿ ಕೇಳಿದರೆ ಅಂಥದ್ದೊಂದು ಇದೆಯೆಂದೇ ಅನೇಕರಿಗೆ ಗೊತ್ತಿರುವುದಿಲ್ಲ. ಅದಿಲ್ಲದಿದ್ದರೆ ಅರ್ಜಿಯೇ ಇಲ್ಲವೆಂದು ಹೆದರಿಸುವವರೂ ಇದ್ದಾರೆ, ಹಣ ಕೊಟ್ಟರೆ ಬರೆಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಇದರ ನಿಜಸ್ಥಿತಿಯನ್ನು ಸದಸ್ಯ ಬಾಂಧವರ ತಿಳಿವಳಿಕೆಗಾಗಿ ಇಲ್ಲಿ ವಿವರಿಸುತ್ತೇವೆ.

ಅಂದಾಜು ಅಂಕ ಎಂದರೇನು?

ಬ್ರಿಟನ್ನಿನಲ್ಲಿ ನಮ್ಮ ಪಿ.ಯು.ಸಿ.ಗೆ ಸರಿಸಮಾನವಾದ ಎ-ಲೆವೆಲ್ ಪರೀಕ್ಷೆಗಳು ಮೇ, ಜೂನ್ ತಿಂಗಳಲ್ಲಿ ನಡೆಯುತ್ತವೆ. ಫಲಿತಾಂಶ ಬರುವುದು ಆಗಸ್ಟ್ ನಡುವಿಗೆ. 2025ರಲ್ಲಿ ಅದು ಆಗಸ್ಟ್ 14ರಂದು ಬಂತು. ವಿಶ್ವವಿದ್ಯಾನಿಲಯದ ಪಾಠಗಳು ಸೆಪ್ಟೆಂಬರಿನಲ್ಲೋ ಅಕ್ಟೋಬರ್ ಮೊದಲಲ್ಲೋ ಆರಂಭವಾಗುತ್ತವೆ. ಫಲಿತಾಂಶ ಬಂದ ಮೇಲೆ ಅರ್ಜಿ ಕರೆದು, ಆರಿಸಿ, ಸೀಟು ಕೊಡಲು ನಡುವೆ ಸಮಯವೇ ಇಲ್ಲ. ಆದುದರಿಂದ ಅಲ್ಲಿ ಅರ್ಜಿಗಳನ್ನು ಜನವರಿಯಲ್ಲೇ ತೆಗೆದುಕೊಳ್ಳುತ್ತಾರೆ. ಪರೀಕ್ಷೆಯೇ ಆಗಿರದ ವಿದ್ಯಾರ್ಥಿಯನ್ನು ತೂಗಿ ನೋಡುವುದಕ್ಕಾಗಿ, ಈತನಿಗೆ ಯಾವ ವಿಷಯದಲ್ಲಿ ಎಷ್ಟು ಬರಬಹುದು ಎಂದು ಶಾಲೆಯ ಅಧ್ಯಾಪಕರನ್ನು ಕೇಳುತ್ತಾರೆ. ಆ ಉತ್ತರವೇ ಅಂದಾಜು ಅಂಕ.

ನಮಗೆ ಇದು ಹೊಸ ವಿಷಯವಲ್ಲ. ಅಡಿಕೆ ತೋಟವನ್ನು ಚೇಣಿಗೆ ಕೊಡುವಾಗ ಚೇಣಿದಾರನು ಕೊನೆಗಳನ್ನು ನೋಡಿ ಇಷ್ಟು ಕ್ವಿಂಟಾಲ್ ಆಗಬಹುದೆಂದು ಹೇಳುವುದು ಇಂಥದೇ ಲೆಕ್ಕ. ಕಾಫಿ ಮಂಡಳಿಯವರು ಹೂವಾದ ಮೇಲೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಫಸಲಿನ ಅಂದಾಜು ಹಾಕುತ್ತಾರೆ. ಎರಡನೆಯ ಅಂದಾಜು ಮೊದಲನೆಯದರ ಹಾಗೆಯೇ ಇರುವುದು ಅಪರೂಪ. ನಡುವೆ ಮಳೆ ಹೆಚ್ಚಾಗಿ ಕಾಯಿ ಉದುರುತ್ತದೆ, ಕೊಳೆರೋಗ ಬರುತ್ತದೆ. ಕೊನೆಯ ಮಾತು ಕಣದಲ್ಲಿ ಒಣಗಿಸಿ ತಕ್ಕಡಿಗೆ ಹಾಕಿದಾಗಲೇ.

ಅಂದಾಜಿನ ಬೆಲೆ ಎಷ್ಟು?

ಈ ಅಂದಾಜುಗಳು ಅಲ್ಲಿಯೂ ಬಹಳ ಸಲ ತಪ್ಪುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕಿ ಗಿಲ್ ವೈನೆಸ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೂರರಲ್ಲಿ 16 ಮಂದಿ ಅರ್ಜಿದಾರರ ಅಂದಾಜು ಮಾತ್ರ ನಿಜವಾದ ಫಲಿತಾಂಶಕ್ಕೆ ಸರಿಹೊಂದಿತು. ನೂರಕ್ಕೆ 75 ಮಂದಿಗೆ ಅಧ್ಯಾಪಕರು ಬಂದುದಕ್ಕಿಂತ ಹೆಚ್ಚು ಅಂಕವನ್ನು ನಿರೀಕ್ಷಿಸಿದ್ದರು. ಫಲಿತಾಂಶ ಬಂದ ಮೇಲೆಯೇ ಸೀಟು ಕೊಡುವ ಪದ್ಧತಿಗೆ ಬದಲಾಯಿಸಬಹುದೇ ಎಂದು ಬ್ರಿಟಿಷ್ ಸರಕಾರ 2021ರಲ್ಲಿ ಜನಾಭಿಪ್ರಾಯ ಕೇಳಿತು. 2022ರ ಫೆಬ್ರವರಿಯಲ್ಲಿ, ಸದ್ಯಕ್ಕೆ ಬದಲಾವಣೆ ಬೇಡವೆಂದು ತೀರ್ಮಾನವಾಯಿತು. ಆದುದರಿಂದ ಹಳೆಯ ಪದ್ಧತಿಯೇ ಮುಂದುವರಿದಿದೆ.

ಅಂದಾಜು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬುದು ವಿಶ್ವವಿದ್ಯಾನಿಲಯಗಳಿಗೂ ಗೊತ್ತು. ಅದು ಬಾಗಿಲು ತಟ್ಟುವುದಕ್ಕೆ ಉಪಯೋಗಕ್ಕೆ ಬರುವ ಒಂದು ಸಾಧನ. ಒಳಗೆ ಬಿಡುವುದು ನಿಜವಾದ ಅಂಕಪಟ್ಟಿ. ಈ ಮಾತನ್ನು ತಂದೆ ತಾಯಿಗಳು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ಮಕ್ಕಳಿಗೆ ತೊಡಕು ಎಲ್ಲಿ?

ಬ್ರಿಟನ್ನಿನಲ್ಲಿ ಪದವಿ ತರಗತಿಗಳ ಅರ್ಜಿಗಳೆಲ್ಲ ಸಾಮಾನ್ಯವಾಗಿ 'ಯೂಕಾಸ್' ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಒಂದು ಅರ್ಜಿಯಲ್ಲಿ ಐದು ಕಡೆ ಕೇಳಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಹಾಗೂ ವೈದ್ಯಕೀಯ, ದಂತವೈದ್ಯ, ಪಶುವೈದ್ಯಕೀಯ ಶಿಕ್ಷಣಕ್ಕೆ ಹಿಂದಿನ ವರ್ಷದ ಅಕ್ಟೋಬರ್ 15 ಕೊನೆಯ ದಿನ. ಉಳಿದ ಹೆಚ್ಚಿನ ಶಿಕ್ಷಣಗಳಿಗೆ ಗಡುವು ಜನವರಿಯಲ್ಲಿ. 2025ರಲ್ಲಿ ಅದು ಜನವರಿ 29 ಆಗಿತ್ತು, 2026ಕ್ಕೆ ಜನವರಿ 14 ಎಂದು ಗೊತ್ತುಮಾಡಲಾಯಿತು. ದಿನಾಂಕ ವರ್ಷವರ್ಷಕ್ಕೂ ಬದಲಾಗುವುದರಿಂದ ಹಿಂದಿನ ವರ್ಷದ ದಿನವನ್ನು ನಂಬಿ ಕೂರಬಾರದು.

ನಮ್ಮ ದ್ವಿತೀಯ ಪಿ.ಯು.ಸಿ. ಪರೀಕ್ಷೆ 2025ರಲ್ಲಿ ಮಾರ್ಚ್ ತಿಂಗಳಲ್ಲಿ ನಡೆದು, ಫಲಿತಾಂಶ ಏಪ್ರಿಲ್ 8ಕ್ಕೆ ಬಂತು. ಅಂದರೆ ಜನವರಿಯ ಗಡುವಿಗೆ ನಮ್ಮ ಮಕ್ಕಳ ಕೈಯಲ್ಲಿ ಅಂಕಪಟ್ಟಿ ಇರುವುದಿಲ್ಲ. ಅಂದಾಜು ಅಂಕ ಕೊಡುವ ವಾಡಿಕೆಯೂ ನಮ್ಮ ಪಿ.ಯು. ಕಾಲೇಜುಗಳಲ್ಲಿ ಇಲ್ಲ. ಪಟ್ಟಣದ ಕೆಲವು ದೊಡ್ಡ ಶಾಲೆಗಳಲ್ಲಿ ಇದಕ್ಕೆಂದೇ ಸಲಹೆಗಾರರು ಇರುತ್ತಾರೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರಿಗೆ ಆ ಅನುಕೂಲವಿಲ್ಲ. ಹೀಗಿರುವಾಗ ಮುಂದೆ ಮೂರು ದಾರಿಗಳಿವೆ.

ಮೊದಲನೆಯ ದಾರಿ: ಕಾಲೇಜಿನಿಂದಲೇ ಅಂದಾಜು ಪಡೆಯುವುದು

ಯೂಕಾಸ್ ಅರ್ಜಿಗೆ ಅಧ್ಯಾಪಕರೊಬ್ಬರ ಶಿಫಾರಸು ಬೇಕು. ಅಂದಾಜು ಅಂಕ ಕೊಡುವುದಾದರೆ ಕೊಡಬೇಕಾದವರು ಇವರೇ ಹೊರತು ವಿದ್ಯಾರ್ಥಿಯಲ್ಲ. ಬಂಧುಗಳು, ಸ್ನೇಹಿತರು ಶಿಫಾರಸು ಬರೆಯುವಂತಿಲ್ಲ. ಪಾಠ ಹೇಳಿದ ಉಪನ್ಯಾಸಕರು ಅಥವಾ ಪ್ರಾಂಶುಪಾಲರು ಬರೆಯಬಹುದು. ಇದನ್ನು ಕಾಗದದಲ್ಲಿ ಬರೆದು ಮೊಹರು ಹಾಕಿ ಕೊಟ್ಟರೆ ಸಾಲದು. ಅವರ ಮಿಂಚಂಚೆ ವಿಳಾಸವನ್ನು ಅರ್ಜಿಯಲ್ಲಿ ನಮೂದಿಸಬೇಕು, ಯೂಕಾಸ್‌ನಿಂದ ಅವರಿಗೇ ನೇರವಾಗಿ ಕೋರಿಕೆ ಹೋಗುತ್ತದೆ. ಸಾಧ್ಯವಾದರೆ ಕಾಲೇಜಿನ ಹೆಸರಿನಲ್ಲಿರುವ ಮಿಂಚಂಚೆ ವಿಳಾಸ ಒಳ್ಳೆಯದು.

ಶಿಫಾರಸಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಕಾಲೇಜಿನ ವಿಚಾರ. ಎರಡನೆಯದು ವಿದ್ಯಾರ್ಥಿಯ ಓದಿಗೆ ಅಡ್ಡಿಯಾದ ವಿಶೇಷ ಸಂದರ್ಭವೇನಾದರೂ ಇದ್ದರೆ ಅದು. ಮೂರನೆಯದು ವಿದ್ಯಾರ್ಥಿಯ ಯೋಗ್ಯತೆ. ನಮ್ಮ ಕಾಲೇಜುಗಳ ಮಟ್ಟಿಗೆ ಮೊದಲ ಭಾಗ ಬಹಳ ಮುಖ್ಯ. ಇದು ರಾಜ್ಯ ಮಂಡಳಿಯ ಪಠ್ಯಕ್ರಮದ ಕಾಲೇಜು, ಇಲ್ಲಿ ಅಂದಾಜು ಅಂಕ ಕೊಡುವ ಪದ್ಧತಿ ಇಲ್ಲ, ಅಂತಿಮ ಪರೀಕ್ಷೆ ಇಂಥ ತಿಂಗಳಲ್ಲಿ ನಡೆದು ಫಲಿತಾಂಶ ಇಂಥ ತಿಂಗಳಲ್ಲಿ ಬರುತ್ತದೆ ಎಂದು ಎರಡು ಮೂರು ವಾಕ್ಯಗಳಲ್ಲಿ ಬರೆದರೆ, ಅಲ್ಲಿ ಅರ್ಜಿ ನೋಡುವವರಿಗೆ ಪರಿಸ್ಥಿತಿ ಸ್ಪಷ್ಟವಾಗುತ್ತದೆ.

ಅಂದಾಜು ಕೊಡಲು ಉಪನ್ಯಾಸಕರು ಒಪ್ಪಿದರೆ ಅದಕ್ಕೆ ಆಧಾರ ಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪ್ರಥಮ ಪಿ.ಯು.ಸಿ. ವಾರ್ಷಿಕ ಪರೀಕ್ಷೆಯ ಅಂಕಗಳು, ದ್ವಿತೀಯ ಪಿ.ಯು.ಸಿ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಇವು ಮೂರನ್ನೂ ವಿಷಯವಾರು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಬೇಕು. ಹಿಂದಿನ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಅರ್ಧವಾರ್ಷಿಕದಲ್ಲಿ ಇಷ್ಟು ಪಡೆದವರು ಅಂತಿಮ ಪರೀಕ್ಷೆಯಲ್ಲಿ ಎಷ್ಟು ಪಡೆದರೆಂದು ಉಪನ್ಯಾಸಕರಿಗೆ ಅನುಭವದಿಂದ ಗೊತ್ತಿರುತ್ತದೆ. ಒಟ್ಟು ಶೇಕಡಾ ಮಾತ್ರ ಕೊಟ್ಟರೆ ಸಾಲದು, ಪ್ರತಿ ವಿಷಯಕ್ಕೂ ಬೇರೆಬೇರೆ ಬೇಕು. ಕೆಲವು ವಿಶ್ವವಿದ್ಯಾನಿಲಯಗಳು ಉತ್ತಮವಾದ ನಾಲ್ಕು ವಿಷಯಗಳ ಸರಾಸರಿ ನೋಡುತ್ತವೆ. ಇಂಜಿನಿಯರಿಂಗ್‌ನಂಥ ಶಿಕ್ಷಣಕ್ಕೆ ಗಣಿತ, ಭೌತಶಾಸ್ತ್ರಗಳಲ್ಲಿ ಇಂತಿಷ್ಟು ಬರಲೇಬೇಕೆಂದು ಕೇಳುತ್ತವೆ.

ಉಪನ್ಯಾಸಕರನ್ನು ಹೆಚ್ಚು ಹಾಕಿ ಎಂದು ಒತ್ತಾಯಿಸಬಾರದು. ತೊಂಬತ್ತೈದು ಬರುವುದೆಂದು ಬರೆಸಿ ಎಂಬತ್ತು ಬಂದರೆ, ತೊಂಬತ್ತು ಕೇಳುವ ಕಡೆ ಅರ್ಜಿ ಹಾಕಿದ ಆಯ್ಕೆಗಳೆಲ್ಲ ವ್ಯರ್ಥವಾಗುತ್ತವೆ.

ಎರಡನೆಯ ದಾರಿ: ಅಂದಾಜಿಲ್ಲದೆಯೇ ಅರ್ಜಿ

ಕಾಲೇಜಿನವರು ಅಂದಾಜು ಕೊಡಲು ಒಪ್ಪದಿದ್ದರೂ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ. ವಿದ್ಯಾರ್ಥಿ ಯಾವ ಶಾಲೆಯ ಮೂಲಕವೂ ಅಲ್ಲದೆ ಸ್ವತಂತ್ರವಾಗಿ ಅರ್ಜಿ ಸಲ್ಲಿಸಬಹುದು. ದ್ವಿತೀಯ ಪಿ.ಯು.ಸಿ. ವಿಷಯಗಳನ್ನೆಲ್ಲ ನಮೂದಿಸಿ, ಫಲಿತಾಂಶ ಇನ್ನೂ ಬರಬೇಕಾಗಿದೆ ಎಂದು ಗುರುತು ಮಾಡಬೇಕು. ಆ ಜಾಗದಲ್ಲಿ ತಾನೇ ಊಹಿಸಿದ ಅಂಕ ಬರೆಯುವುದು ತಪ್ಪು.

ಆದರೆ ಅರ್ಜಿ ಹಾಕುವ ಮುನ್ನ ಒಂದು ಕೆಲಸ ಮಾಡಬೇಕು. ಆರಿಸಿಕೊಂಡ ಐದು ವಿಶ್ವವಿದ್ಯಾನಿಲಯಗಳ ಪ್ರವೇಶ ವಿಭಾಗಕ್ಕೂ ಬೇರೆಬೇರೆ ಪತ್ರ ಬರೆದು ನಾಲ್ಕು ವಿಷಯ ಕೇಳಿಕೊಳ್ಳಬೇಕು. ಕರ್ನಾಟಕದ ಪಿ.ಯು.ಸಿ.ಯನ್ನು ಒಪ್ಪುತ್ತೀರಾ? ಒಪ್ಪಿದರೆ ಎಷ್ಟು ಶೇಕಡಾ, ಯಾವ ವಿಷಯಗಳಲ್ಲಿ ಬೇಕು? ಅಂದಾಜು ಅಂಕವಿಲ್ಲದ ಅರ್ಜಿಯನ್ನು ಪರಿಶೀಲಿಸುತ್ತೀರಾ? ಇಂಗ್ಲಿಷ್ ಭಾಷೆಗೆ ನಮ್ಮ ಪಿ.ಯು.ಸಿ. ಇಂಗ್ಲಿಷ್ ಅಂಕ ಸಾಕೇ, ಇಲ್ಲವೆ ಐ.ಇ.ಎಲ್.ಟಿ.ಎಸ್. ಪರೀಕ್ಷೆ ಬೇಕೇ? ಇವುಗಳಿಗೆ ಉತ್ತರ ಎಲ್ಲ ಕಡೆಯೂ ಒಂದೇ ಇರುವುದಿಲ್ಲ. ಕೆಲವು ಕಡೆ ಕೇಂದ್ರೀಯ ಮಂಡಳಿಗಿಂತ ರಾಜ್ಯ ಮಂಡಳಿಯವರಿಂದ ಹೆಚ್ಚು ಶೇಕಡಾ ಕೇಳುತ್ತಾರೆ. ಬಂದ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ದಲಾಲರ ಬಾಯಿಮಾತಿಗಿಂತ ಆ ಒಂದು ಪತ್ರಕ್ಕೆ ಬೆಲೆ ಹೆಚ್ಚು.

ಐ.ಇ.ಎಲ್.ಟಿ.ಎಸ್. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಮಾನ್ಯತೆ ಇರುವುದರಿಂದ ಬಹಳ ಮುಂಚೆಯೇ ಬರೆಯಿಸುವುದರಲ್ಲಿ ಲಾಭವಿಲ್ಲ.

ಮೂರನೆಯ ದಾರಿ: ಅಂಕಪಟ್ಟಿ ಕೈಗೆ ಬಂದ ಮೇಲೆ

ಈ ದಾರಿಯ ಬಗ್ಗೆ ಹೇಳುವವರು ಕಡಿಮೆ. ಆದರೆ ನಮ್ಮ ಮಕ್ಕಳಲ್ಲಿ ಅನೇಕರಿಗೆ ಇದೇ ಲೇಸೆಂದು ನಮ್ಮ ಅಭಿಪ್ರಾಯ.

ಜನವರಿಯ ಗಡುವು ಎಲ್ಲ ಬಾಗಿಲುಗಳನ್ನೂ ಮುಚ್ಚುವುದಿಲ್ಲ. ಆ ದಿನದೊಳಗೆ ಬಂದ ಅರ್ಜಿಗಳನ್ನು ಸಮಾನವಾಗಿ ನೋಡುತ್ತೇವೆಂಬುದು ಅದರ ಅರ್ಥ. ಅನಂತರವೂ ಸ್ಥಳವಿರುವ ಶಿಕ್ಷಣಗಳಿಗೆ ಜೂನ್ 30ರವರೆಗೆ ಮಾಮೂಲಿನಂತೆ ಅರ್ಜಿ ಹಾಕಬಹುದು. ಬ್ರಿಟನ್ನಿನ ಮಕ್ಕಳಿಗೆ ಫಲಿತಾಂಶ ಬರುವುದು ಆಗಸ್ಟಿನಲ್ಲಿ, ನಮ್ಮವರಿಗೆ ಏಪ್ರಿಲಿನಲ್ಲಿ. ಅಂದರೆ ನಾಲ್ಕು ತಿಂಗಳು ಮುಂಚೆಯೇ ನಮ್ಮ ವಿದ್ಯಾರ್ಥಿಯ ಕೈಯಲ್ಲಿ ಪಕ್ಕಾ ಅಂಕವಿರುತ್ತದೆ. ಆಗ ಅಂದಾಜಿನ ಪ್ರಶ್ನೆಯೇ ಏಳುವುದಿಲ್ಲ. ಕೇಳಿದಷ್ಟು ಅಂಕ ಬಂದಿದ್ದು ಸ್ಥಳವೂ ಇದ್ದರೆ ಪರೀಕ್ಷೆಯ ಷರತ್ತಿಲ್ಲದೆ ಸೀಟು ಸಿಗಲು ಅವಕಾಶವಿದೆ.

ಜುಲೈ ಮೊದಲ ವಾರದಿಂದ 'ಕ್ಲಿಯರಿಂಗ್' ಎಂಬ ವ್ಯವಸ್ಥೆಯಲ್ಲಿ ಉಳಿದ ಸೀಟುಗಳನ್ನು ಹಂಚುತ್ತಾರೆ. ಅದು ಅಕ್ಟೋಬರ್ ತನಕ ನಡೆಯುತ್ತದಾದರೂ ವೀಸಾಕ್ಕೆ ಸಾಮಾನ್ಯವಾಗಿ ಮೂರು ವಾರ ಬೇಕಾಗುವುದರಿಂದ ನಮ್ಮವರು ಆಗಸ್ಟಿನವರೆಗೆ ಕಾಯುವುದು ಅಪಾಯ.

ಇದರಲ್ಲಿ ಒಂದು ಕೊರತೆಯೂ ಉಂಟು. ಬಹಳ ಬೇಡಿಕೆಯ ಶಿಕ್ಷಣಗಳು ಜನವರಿಗೇ ತುಂಬಿಹೋಗಿರುತ್ತವೆ. ಅಂಥದೇ ಬೇಕೆಂದಿದ್ದರೆ ಒಂದು ವರ್ಷ ತಡೆದು, ಅಂಕಪಟ್ಟಿಯೊಡನೆ ಮುಂದಿನ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷ ಹಾಳಾಯಿತೆಂದು ಮನೆಯ ಹಿರಿಯರು ಬೇಸರಪಡುವುದು ಸಹಜ. ಆದರೆ ಆ ವರ್ಷದಲ್ಲಿ ಇಂಗ್ಲಿಷ್ ಪರೀಕ್ಷೆ ಮುಗಿಸಿ, ಹಣ ಹೊಂದಿಸಿ, ಸಾವಕಾಶವಾಗಿ ಆರಿಸಲು ಬರುತ್ತದೆ. ಆ ವರ್ಷ ಏನು ಮಾಡಿದೆನೆಂದು ಅರ್ಜಿಯಲ್ಲಿ ಹೇಳಬೇಕಾಗುವುದರಿಂದ ಸುಮ್ಮನೆ ಕೂರಬಾರದು, ಅಷ್ಟೆ.

ಷರತ್ತಿನ ಸೀಟು

ಜನವರಿಯೊಳಗೆ ಅರ್ಜಿ ಹಾಕಿದವರಿಗೆ ಬರುವ ಉತ್ತರ ಹೆಚ್ಚಾಗಿ ಷರತ್ತಿನದು. 'ದ್ವಿತೀಯ ಪಿ.ಯು.ಸಿ.ಯಲ್ಲಿ ಇಷ್ಟು ಬಂದರೆ ಸೀಟು ನಿಮ್ಮದು' ಎಂದು ಅದರಲ್ಲಿ ಇರುತ್ತದೆ. ಬಂದ ಉತ್ತರಗಳಲ್ಲಿ ಒಂದನ್ನು ಮೊದಲ ಆಯ್ಕೆಯಾಗಿ, ಇನ್ನೊಂದನ್ನು ಆಪತ್ತಿಗೆ ಇರಲೆಂದು ಎರಡನೆಯದಾಗಿ ಇಟ್ಟುಕೊಳ್ಳಬಹುದು. ಎರಡನೆಯದು ಮೊದಲಿನದಕ್ಕಿಂತ ಕಡಿಮೆ ಅಂಕ ಕೇಳುವಂಥದಾಗಿರಬೇಕು. ಎರಡೂ ಒಂದೇ ಅಂಕ ಕೇಳುವುದಾದರೆ ಒಂದು ತಪ್ಪಿದಾಗ ಇನ್ನೊಂದೂ ತಪ್ಪುತ್ತದೆ.

ನಮ್ಮ ಮಂಡಳಿಯ ಫಲಿತಾಂಶ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಅಂಕಪಟ್ಟಿ ಬಂದ ಕೂಡಲೇ ವಿದ್ಯಾರ್ಥಿಯೇ ಕಳುಹಿಸಬೇಕು. ಎರಡು ಮೂರು ಅಂಕ ಕಡಿಮೆಯಾದರೆ ಕೈಚೆಲ್ಲಿ ಕೂರದೆ ತಕ್ಷಣ ಪ್ರವೇಶ ವಿಭಾಗಕ್ಕೆ ಬರೆದು ಕೇಳಬೇಕು, ಕೆಲವೊಮ್ಮೆ ಒಪ್ಪುವುದುಂಟು. ಮಂಡಳಿಯಿಂದ ಉತ್ತರಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. 2024ರಿಂದ ಅದೇ ವರ್ಷದಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಎರಡನೆಯ ಸಲದ ಅಂಕವನ್ನು ಒಪ್ಪುತ್ತಾರೆಯೇ ಎಂದು ಆ ವಿಶ್ವವಿದ್ಯಾನಿಲಯವನ್ನು ಮೊದಲೇ ಕೇಳಿಕೊಳ್ಳಬೇಕು.

ಹಣ ಯಾವಾಗ ಬಿಚ್ಚಬೇಕು?

ಸದಸ್ಯರು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದಿರಬೇಕಾದುದು ಇಲ್ಲಿ. ಅರ್ಜಿಯ ಶುಲ್ಕ ದೊಡ್ಡದಲ್ಲ. ದೊಡ್ಡ ಹಣದ ಮಾತು ಬರುವುದು ಸೀಟಿನ ಉತ್ತರ ಬಂದ ಮೇಲೆ. ವಿಶ್ವವಿದ್ಯಾನಿಲಯಗಳು ಅನೇಕ ಕಡೆ ಮುಂಗಡ ಕೇಳುತ್ತವೆ. ವೀಸಾಕ್ಕೆ ಬೇಕಾದ ದೃಢೀಕರಣವನ್ನು ಅವು ಕೊಡುವುದು ಷರತ್ತುಗಳೆಲ್ಲ ಪೂರೈಸಿದ ಮೇಲೆ ಮಾತ್ರ. ವೀಸಾಕ್ಕೆ ಮೊದಲ ವರ್ಷದ ಬೋಧನಾ ಶುಲ್ಕದಲ್ಲಿ ಕಟ್ಟದೆ ಉಳಿದ ಹಣವನ್ನೂ ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚವನ್ನೂ ತೋರಿಸಬೇಕು. ಸ್ವಂತ ಹಣವಾದರೆ ಅದು ವಿದ್ಯಾರ್ಥಿಯ ಅಥವಾ ತಂದೆ ತಾಯಿಯ ಖಾತೆಯಲ್ಲಿ ಎಡೆಬಿಡದೆ 28 ದಿನ ಇರಬೇಕು. ಪಹಣಿಯಾಗಲಿ, ತೋಟದ ಮೌಲ್ಯದ ಪತ್ರವಾಗಲಿ, ಮರದ ಮೇಲಿರುವ ಫಸಲಾಗಲಿ ಇದಕ್ಕೆ ಲೆಕ್ಕವಲ್ಲ.

ಷರತ್ತಿನ ಸೀಟು ಬಂದ ಸಂತೋಷದಲ್ಲಿ ಫೆಬ್ರವರಿಯಲ್ಲೇ ತೋಟ ಅಡಮಾನ ಮಾಡಿ ಮುಂಗಡ ಕಟ್ಟುವುದೆಂದರೆ ಹೂವು ನೋಡಿ ಇಡೀ ವರ್ಷದ ಫಸಲಿನ ಮೇಲೆ ಸಾಲ ಎತ್ತಿದಂತೆ. ಏಪ್ರಿಲಿನ ಫಲಿತಾಂಶ ಅಂದಾಜಿಗಿಂತ ಕಡಿಮೆ ಬಂದರೆ ಸೀಟು ಹೋಗುತ್ತದೆ, ಸಾಲ ಉಳಿಯುತ್ತದೆ. ಮುಂಗಡ ಕಟ್ಟಲೇಬೇಕಾಗಿ ಬಂದರೆ, ಅಂಕ ಬಾರದಿದ್ದಲ್ಲಿ ಅಥವಾ ವೀಸಾ ಸಿಗದಿದ್ದಲ್ಲಿ ಹಣ ಹಿಂತಿರುಗಿಸುತ್ತಾರೆಯೇ ಎಂಬ ನಿಬಂಧನೆಯನ್ನು ಓದದೆ ಕಟ್ಟಬಾರದು. ಗಡುವು ಮುಂದೂಡಲು ಬರುವುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಮ್ಮ ಅದೃಷ್ಟಕ್ಕೆ ಕಾಫಿ, ಅಡಿಕೆ, ಮೆಣಸಿನ ಹಣ ಕೈಗೆ ಬರುವ ಕಾಲಕ್ಕೇ ಪಿ.ಯು.ಸಿ. ಫಲಿತಾಂಶವೂ ಬರುತ್ತದೆ. ಎರಡನ್ನೂ ಎದುರಿಗಿಟ್ಟುಕೊಂಡು ತೀರ್ಮಾನ ಮಾಡುವುದು ಜಾಣತನ.

ಬರೆಸಿಕೊಡುವವರ ವಿಷಯ

ಅಂದಾಜು ಅಂಕದ ಪತ್ರವನ್ನು ಕಾಲೇಜಿನ ತಲೆಬರಹದ ಕಾಗದದಲ್ಲಿ ಸಿದ್ಧಮಾಡಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಯೂಕಾಸ್ ಮತ್ತು ವಿಶ್ವವಿದ್ಯಾನಿಲಯಗಳು ದಾಖಲೆಗಳನ್ನು ಪರಿಶೀಲಿಸುತ್ತವೆ. ಸುಳ್ಳು ತಿಳಿದುಬಂದರೆ ಅರ್ಜಿ ರದ್ದಾಗುತ್ತದೆ. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟವರಿಗೆ ಹತ್ತು ವರ್ಷ ಬ್ರಿಟನ್ನಿಗೆ ಪ್ರವೇಶವಿಲ್ಲದಂತೆ ಆಗಬಹುದು. ಹಣ ತೆಗೆದುಕೊಂಡವರು ಆಮೇಲೆ ಸಿಗುವುದಿಲ್ಲ, ಕಳಂಕ ಹೊರುವುದು ಮಗುವಿನ ಹೆಸರು.

ಬೇರೆ ದೇಶಗಳು

ಅಂದಾಜು ಅಂಕಕ್ಕೆ ಇಷ್ಟು ಮಹತ್ವ ಎಲ್ಲ ದೇಶಗಳಲ್ಲೂ ಇಲ್ಲ. ಅಮೆರಿಕೆಯಲ್ಲಿ ಒಂಬತ್ತನೆಯ ತರಗತಿಯಿಂದ ಮುಂದಿನ ನಾಲ್ಕು ವರ್ಷಗಳ ಅಂಕಗಳನ್ನು ಒಟ್ಟಾಗಿ ನೋಡುತ್ತಾರೆ. ಆದುದರಿಂದ ಒಂಬತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಎಸೆಯಬಾರದು. ಆಸ್ಟ್ರೇಲಿಯದಲ್ಲಿ ಪಾಠಗಳು ಸಾಮಾನ್ಯವಾಗಿ ಫೆಬ್ರವರಿಯಲ್ಲಿಯೂ ಜುಲೈಯಲ್ಲಿಯೂ ಆರಂಭವಾಗುವುದರಿಂದ ಏಪ್ರಿಲಿನ ಅಂಕಪಟ್ಟಿ ಹಿಡಿದು ಮುಂದಿನ ಫೆಬ್ರವರಿಗೆ ನಿಧಾನವಾಗಿ ಅರ್ಜಿ ಹಾಕಬಹುದು. ಜರ್ಮನಿಯಲ್ಲಿ ಅಂತಿಮ ಪ್ರಮಾಣಪತ್ರವೇ ಬೇಕು. ನಮ್ಮ ಪಿ.ಯು.ಸಿ. ಒಂದರಿಂದಲೇ ಅಲ್ಲಿ ನೇರವಾಗಿ ಸೇರಲು ಸಾಮಾನ್ಯವಾಗಿ ಬರುವುದಿಲ್ಲ. ಇಲ್ಲಿ ಒಂದು ವರ್ಷ ಪದವಿ ಓದಿಯೋ ಅಲ್ಲಿನ ಪೂರ್ವಸಿದ್ಧತಾ ಕಾಲೇಜಿನ ಮೂಲಕವೋ ಹೋಗಬೇಕು. ಇನ್ನು ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದು ಇಲ್ಲಿ ವೃತ್ತಿ ಮಾಡಬೇಕೆನ್ನುವವರು ನಮ್ಮ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಲೇಬೇಕೆಂಬುದನ್ನು ಮರೆಯಬಾರದು.

ಇಲ್ಲಿಯೇ ಪದವಿ ಓದುತ್ತಿದ್ದು ಸ್ನಾತಕೋತ್ತರ ಶಿಕ್ಷಣಕ್ಕೆ ಹೋಗುವವರಿಗೆ ಈ ತೊಡಕು ಬಹುಮಟ್ಟಿಗೆ ಇಲ್ಲ. ಆ ತನಕದ ಸೆಮಿಸ್ಟರ್ ಅಂಕಗಳ ಮೇಲೆ ಷರತ್ತಿನ ಸೀಟು ಸಿಗುತ್ತದೆ.

ಏನು, ಯಾವಾಗ

ಪ್ರಥಮ ಪಿ.ಯು.ಸಿ. ಮುಗಿದ ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯಗಳಿಗೆ ಪತ್ರ ಬರೆದು ವಿಚಾರಿಸಬೇಕು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ಕೂಡಲೇ ಉಪನ್ಯಾಸಕರನ್ನು ಕಾಣಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ಜನವರಿಯ ಗಡುವು ಮರೆತುಹೋಗುವುದರಿಂದ ಡಿಸೆಂಬರಿನೊಳಗೆ ಅರ್ಜಿ ಮುಗಿಸಬೇಕು. ಏಪ್ರಿಲಿನಲ್ಲಿ ಅಂಕಪಟ್ಟಿ ಕಳುಹಿಸಬೇಕು, ಅಥವಾ ಹೊಸದಾಗಿ ಅರ್ಜಿ ಹಾಕಬೇಕು. ಷರತ್ತು ಪೂರೈಸಿದ ಮೇಲೆ ಹಣದ ಏರ್ಪಾಡು, ಅನಂತರ ವೀಸಾ. ಈ ಕ್ರಮವನ್ನು ತಲೆಕೆಳಗು ಮಾಡಬಾರದು.

ಕಾಲೇಜಿನಲ್ಲಿ ಅಂದಾಜು ಕೊಡಲಿಲ್ಲವೆಂದು ಯಾವ ಮಗುವೂ ಆಸೆ ಬಿಡಬೇಕಾಗಿಲ್ಲ. ಅಂದಾಜು ಸಿಕ್ಕಿತೆಂದು ಯಾವ ಮನೆಯವರೂ ತೋಟದ ಪತ್ರವನ್ನು ಹೊರಗೆ ತೆಗೆಯಬೇಕಾಗಿಯೂ ಇಲ್ಲ. ಈ ವರ್ಷ ದ್ವಿತೀಯ ಪಿ.ಯು.ಸಿ.ಯಲ್ಲಿ ಓದುತ್ತಿರುವ ಮಕ್ಕಳಿರುವ ಸದಸ್ಯರು ಈ ಪುಟವನ್ನು ಅವರ ಕೈಗೆ ಕೊಟ್ಟು, ಅವರ ಉಪನ್ಯಾಸಕರಿಗೂ ತೋರಿಸಬೇಕೆಂದು ಕೋರುತ್ತೇವೆ.